ಮೊದಲು ಒಂದು ಮೂಲೆ ಕೊಡಿ

(ಬೀದಿಪಾಲಾದ ನಾಯಿಯನ್ನು ಮನೆಗೆ ತಂದು ಸಾಕುವ ಬಗ್ಗೆ ಪಶುವೈದ್ಯರೊಬ್ಬರು ಶಿವಮೊಗ್ಗದಲ್ಲಿ ಆಡಿದ ಮಾತುಗಳ ಬರಹ ರೂಪ.)

ನಮ್ಮ ಕಡೆ ನಾಯಿಮರಿ ಬೇಕು ಅಂತ ಬರುವವರು ಮೊದಲು ಕೇಳುವುದು ಒಂದೇ ಪ್ರಶ್ನೆ. "ಗಂಡಾ, ಹೆಣ್ಣಾ?" ಹೆಣ್ಣು ಅಂದ ಕೂಡಲೇ ಎತ್ತಿಕೊಂಡಿದ್ದ ಮರಿಯನ್ನು ಮೆಲ್ಲಗೆ ಕೆಳಗೆ ಬಿಡುತ್ತಾರೆ. ಹಾಗೆ ಬಿಟ್ಟ ಮರಿಗಳು ಎಲ್ಲಿಗೆ ಹೋಗುತ್ತವೆ ಅಂತ ನಿಮಗೂ ಗೊತ್ತು. ಸಿಮೆಂಟ್ ಚೀಲದಲ್ಲಿ ಮೀನು ಮಾರ್ಕೆಟ್ ಹಿಂದೆ, ಸಂತೆ ಮೈದಾನದಲ್ಲಿ, ಘಾಟಿಯ ತಿರುವಿನಲ್ಲಿ, ಹೆದ್ದಾರಿ ಪಕ್ಕದ ಹೋಟೆಲ್ ಎದುರು. "ಅಲ್ಲಿ ಬಿಟ್ರೆ ಹೇಗೋ ಹೊಟ್ಟೆ ಹೊರ್ಕೊಳ್ತಾವೆ" ಅನ್ನುವುದು ಬಿಟ್ಟವರ ಸಮಾಧಾನ. ನಾನು ನೋಡಿದ ಮಟ್ಟಿಗೆ ಮನೆ ಸಿಗದೆ ಉಳಿಯುವ ನಾಯಿಗಳಲ್ಲಿ ಹೆಣ್ಣೇ ಜಾಸ್ತಿ. ಅದಕ್ಕೇ ಇವತ್ತು ಹೆಣ್ಣು ನಾಯಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾತಾಡುತ್ತೇನೆ.

ಹೆಣ್ಣು ಬೇಡ ಅನ್ನುವವರ ಕಾರಣ ಪೂರ್ತಿ ಸುಳ್ಳೇನಲ್ಲ. ಆರು ತಿಂಗಳು, ಒಂದು ವರ್ಷದ ಒಳಗೆ ಮೊದಲ ಬೆದೆ. ಆಮೇಲೆ ವರ್ಷಕ್ಕೆ ಹೆಚ್ಚುಕಮ್ಮಿ ಎರಡು ಸಲ. ಆಗ ಊರಿನ ಗಂಡುನಾಯಿಗಳೆಲ್ಲ ನಿಮ್ಮ ಅಂಗಳದಲ್ಲೇ ಠಿಕಾಣಿ. ರಾತ್ರಿಯೆಲ್ಲ ಜಗಳ. ಬಸಿರಾದರೆ 63 ದಿನದ ಆಸುಪಾಸಿನಲ್ಲಿ ಮರಿ. ಆ ಮರಿಗಳಲ್ಲಿ ಮತ್ತೆ ಹೆಣ್ಣು, ಮತ್ತೆ ಸಿಮೆಂಟ್ ಚೀಲ. ಆದರೆ ಈ ತಾಪತ್ರಯ ಪೂರ್ತಿ ಮುಗಿಯುವುದು ಒಂದು ಆಪರೇಷನ್‌ನಿಂದ. ಸಂತಾನಹರಣ ಆದ ಹೆಣ್ಣುನಾಯಿಗೆ ಬೆದೆ ಇಲ್ಲ, ಮರಿ ಇಲ್ಲ. ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬಿ ಸಾಯುವ ಭಯವೂ ಇಲ್ಲ. ಮನೆ ಬಿಟ್ಟು ಅಲೆಯುವುದೂ ಕಡಿಮೆ. ಇಷ್ಟು ಸುಲಭದ ಪರಿಹಾರ ಇರುವಾಗ ಮರಿಯನ್ನು ಘಾಟಿಗೆ ಯಾಕೆ ಒಯ್ಯಬೇಕು? ಇದಕ್ಕೆ ನನಗೆ ಇವತ್ತಿನವರೆಗೆ ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ.

ತರುವ ಮೊದಲು ಆ ನಾಯಿ ಎಲ್ಲಿತ್ತು ಅಂತ ಕೇಳಿ ತಿಳಿದುಕೊಳ್ಳಿ. ಮನೆಯಲ್ಲಿ ಬೆಳೆದು ಆಮೇಲೆ ಬೀದಿಗೆ ಬಿದ್ದದ್ದೋ, ಬೀದಿಯಲ್ಲೇ ಹುಟ್ಟಿದ್ದೋ, ಅಪಘಾತವಾಗಿ ಯಾರೋ ಎತ್ತಿ ತಂದು ಆರೈಕೆ ಮಾಡಿದ್ದೋ? ಮನೆಯಲ್ಲಿ ಬೆಳೆದದ್ದಕ್ಕೆ ಬಾಗಿಲು, ಮೆಟ್ಟಿಲು, ಮಿಕ್ಸಿಯ ಸದ್ದು ಎಲ್ಲ ಗೊತ್ತಿರುತ್ತದೆ. ಬೀದಿಯಲ್ಲೇ ಹುಟ್ಟಿದ್ದಕ್ಕೆ ತಲೆ ಮೇಲೆ ಸೂರು ಇರುವುದೇ ಒಂದು ಗಾಬರಿ. ಇನ್ನು ಬೀದಿಯಲ್ಲಿ ನೆಮ್ಮದಿಯಾಗಿ, ನಾಲ್ಕು ಮನೆಯವರ ಅನ್ನ ತಿಂದುಕೊಂಡು ಇರುವ ದೊಡ್ಡ ನಾಯಿಯನ್ನು ಕರುಣೆಯಿಂದ ಎಳೆದು ತಂದು ಕಟ್ಟಿಹಾಕಬೇಡಿ. ಅದಕ್ಕೆ ಆ ಬೀದಿಯೇ ಮನೆ. ಲಸಿಕೆ, ಆಪರೇಷನ್ ಮಾಡಿಸಿ ಅಲ್ಲೇ ಬಿಡುವುದು ಲೇಸು. ಪ್ರಾಣಿ ಸಂತಾನ ನಿಯಂತ್ರಣದ 2023ರ ನಿಯಮಗಳೂ ಅದನ್ನೇ ಹೇಳುತ್ತವೆ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಲ್ಲಿ ದತ್ತು ತೆಗೆದುಕೊಳ್ಳುವವರಿಗೆ ಸಂಬಂಧಿಸಿದ ಮಾತೂ ಒಂದಿದೆ. ಬೀದಿನಾಯಿ ಬೇಕು ಅನ್ನುವವರು ಸ್ಥಳೀಯ ಸಂಸ್ಥೆಗೆ ಅರ್ಜಿ ಕೊಟ್ಟು ಪಡೆಯಬಹುದು, ಆದರೆ ಅದು ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವ ಹೊಣೆ ಅವರದೇ. ಅಂದರೆ ಹದಿನೈದು ದಿನ ನೋಡಿ, ಸರಿಹೋಗಲಿಲ್ಲ ಅಂತ ಸುಮ್ನೆ ಬಿಟ್ಟುಬಿಡುವ ಹಾಗಿಲ್ಲ.

ಇನ್ನು ಮನೆಯವರ ಒಪ್ಪಿಗೆ. ಗಂಡ ಹೆಂಡತಿ ಒಪ್ಪಿದರೆ ಸಾಲದು. ನಮ್ಮಲ್ಲಿ ಅಜ್ಜಿ ಒಪ್ಪಬೇಕು. ತೀರ್ಥಹಳ್ಳಿ ಕಡೆಯ ಒಂದು ತೋಟದ ಮನೆಯ ಕತೆ ಹೇಳುತ್ತೇನೆ. ಶಿವಮೊಗ್ಗದಲ್ಲಿ ಓದುತ್ತಿದ್ದ ಆ ಮನೆಯ ಹುಡುಗಿ, ಬೈಕ್ ಹೊಡೆದು ಹಿಂಗಾಲು ಮುರಿದಿದ್ದ ಹೆಣ್ಣುನಾಯಿಯೊಂದನ್ನು ನನ್ನ ಹತ್ತಿರ ತಂದಿದ್ದಳು. ಕೆಂಪು ಬಣ್ಣ, ಒಂದೂವರೆ ಎರಡು ವರ್ಷ ಇರಬಹುದು. ಕಾಲು ಕೂಡಿತು, ಆದರೆ ಕುಂಟು ಉಳಿಯಿತು. ರಸ್ತೆಗೆ ಬಿಡುವಂತಿರಲಿಲ್ಲ. ಕೆಂಪಿ ಅಂತ ಹೆಸರಿಟ್ಟು ಊರಿಗೆ ಒಯ್ದಳು. ಅಜ್ಜಿ ಹೊಸ್ತಿಲಲ್ಲೇ ನಿಂತು, "ನಾಯಿ ಇರ್ಲಿ, ನಂದೇನೂ ತಕರಾರಿಲ್ಲ. ಒಳಗೆ ಬಂದು ಮುಟ್ಟಿಬಿಟ್ರೆ ನಾ ಮತ್ತೆ ತಲೆಗೆ ನೀರು ಹಾಕ್ಕೋಬೇಕು. ಈ ಮಳೇಲಿ ನನ್ನಿಂದ ಆಗೋದಿಲ್ಲ" ಅಂದರು. ಹುಡುಗಿಗೆ ಸಿಟ್ಟು. ನನಗೆ ಫೋನ್ ಮಾಡಿ ದೂರಿದಳು. ನಾನು ಅಜ್ಜಿಯ ಪರ ನಿಂತೆ. ಅಜ್ಜಿ ನಾಯಿಯನ್ನು ಬೇಡ ಅಂದಿಲ್ಲ, ಅವರ ದಿನಚರಿಗೆ ಒಂದು ಗೆರೆ ಹಾಕಿದ್ದಾರೆ ಅಷ್ಟೇ. ಆ ಗೆರೆಯೊಳಗೇ ಜಾಗ ಹುಡುಕಿ ಅಂದೆ.

ಜಾಗ ಸಿಕ್ಕಿದ್ದು ಬಚ್ಚಲಮನೆಯಲ್ಲಿ. ಮಲೆನಾಡಿನ ಮನೆಗಳಲ್ಲಿ ಬಚ್ಚಲ ಒಲೆ ಮಳೆಗಾಲದಲ್ಲಿ ಆರುವುದೇ ಕಮ್ಮಿ. ಒಲೆಯ ಪಕ್ಕ ಸೌದೆ ಒಟ್ಟಿದ ಗೋಡೆಗೂ ಹಂಡೆಗೂ ನಡುವೆ ಒಂದು ಮೂಲೆ. ಗೋಣಿಚೀಲ, ಅದರ ಮೇಲೊಂದು ಹಳೆ ಕಂಬಳಿ. ಮೂರು ಕಡೆ ಮರೆ, ಒಂದೇ ಕಡೆ ದಾರಿ, ಹಿಂದಿನಿಂದ ಯಾರೂ ಬರುವಂತಿಲ್ಲ. ಹೆದರಿದ ನಾಯಿಗೆ ಬೇಕಾದದ್ದು ಇದೇ. ಸಿಟಿಯ ಬಾಡಿಗೆ ಮನೆಯಾದರೆ ಡೈನಿಂಗ್ ಟೇಬಲ್ ಕೆಳಗೆ, ಮೆಟ್ಟಿಲ ಅಡಿ, ಮಂಚದ ಪಕ್ಕ, ಎಲ್ಲಾದರೂ ಆಗಬಹುದು. ನಡೆದಾಡುವ ದಾರಿಯಲ್ಲಿ ಇರಬಾರದು. ಅದು ಅಲ್ಲಿರುವಾಗ ಮನೆಯವರು ಯಾರೂ ಹೋಗಿ ಮುಟ್ಟಬಾರದು. ಮಕ್ಕಳಂತೂ ಅಲ್ಲಿಗೆ ಹೋಗಲೇಬಾರದು. ಅದು ಅದರದ್ದೇ ಜಾಗ.

ಮೊದಲ ದಿನ ನಮ್ಮವರು ಮಾಡುವ ಕೆಲಸ ಏನು ಗೊತ್ತಾ? ಸ್ನಾನ. ತಂದ ಕೂಡಲೇ ಬಿಸಿನೀರು ಹಾಕಿ ಉಜ್ಜುತ್ತಾರೆ. ರಕ್ತ ಹೀರುವ ಉಣ್ಣೆ ಹುಳ ಹೋಗಲಿ ಅಂತ ಸೀಮೆಎಣ್ಣೆ ಹಚ್ಚಿದವರನ್ನೂ ನೋಡಿದ್ದೇನೆ, ಚರ್ಮ ಸುಟ್ಟು ಬೊಬ್ಬೆ ಬಂದು ನನ್ನ ಟೇಬಲ್ ಮೇಲೆ ಮಲಗಿದ ನಾಯಿಗಳನ್ನೂ ನೋಡಿದ್ದೇನೆ. ಸ್ನಾನ ಒಂದು ವಾರ ಕಾಯಲಿ. ಎರಡನೇ ಕೆಲಸ, ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆದು ತೋರಿಸುವುದು. ಅದೂ ಕಾಯಲಿ.

ಕೆಂಪಿ ಮೊದಲ ದಿನಗಳಲ್ಲಿ ಹೇಗಿದ್ದಳು ಅಂತ ಆ ಹುಡುಗಿ ವಿವರವಾಗಿ ಹೇಳಿದ್ದಳು. ಹಗಲು ಯಾರು ಇಟ್ಟರೂ ಅನ್ನ ಮುಟ್ಟುತ್ತಿರಲಿಲ್ಲ. ನೀರಿನ ಬಟ್ಟಲು ಇಟ್ಟ ಹಾಗೇ ಇರುತ್ತಿತ್ತು. ಬೆಳಿಗ್ಗೆ ಒಲೆಗೆ ಬೆಂಕಿ ಹಾಕಲು ಹೋದಾಗ ನೋಡಿದರೆ ನೀರು ಎರಡು ಬೆರಳು ಇಳಿದಿರುತ್ತಿತ್ತು. ಮನೆ ಮಲಗಿದ ಮೇಲೆ ಎದ್ದು ಕುಡಿದಿದ್ದಾಳೆ ಅಂತ ಅರ್ಥ. ಅನ್ನದ ಜೊತೆಗೆ ಒಣಮೀನು ಬೇಯಿಸಿದ ನೀರು ಹಾಕಿ ಅಂದೆ. ಆ ಮನೆಯಲ್ಲಿ ಮೀನು ಆಗುವುದಿಲ್ಲ. ಸರಿ, ಬಿಸಿ ಅನ್ನಕ್ಕೆ ಒಂದು ಚಮಚ ತುಪ್ಪ ಬೆರೆಸಿ ಅಂದೆ. ವಾಸನೆಗೆ ಮೂಗು ಆಡಿಸಿದಳಂತೆ. ಎರಡು ದಿನ ಅನ್ನ ಬಿಟ್ಟರೆ ದೊಡ್ಡ ನಾಯಿಗೆ ಏನೂ ಆಗುವುದಿಲ್ಲ, ಒತ್ತಾಯ ಬೇಡ. ನೀರೂ ಕುಡಿಯದಿದ್ದರೆ, ಅಥವಾ ಅದು ಚಿಕ್ಕ ಮರಿಯಾಗಿದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ.

ಊಟದ ವಿಷಯ ಬಂದಿದ್ದಕ್ಕೆ ಒಂದು ಮಾತು. ಬರೀ ಅನ್ನ ಹಾಲು ಹಾಕಿ ಸಾಕುತ್ತೇವೆ ಅನ್ನುವವರು ಬಹಳ. ತುಂಬಾ ನಾಯಿಗಳಿಗೆ ಹಾಲು ಜೀರ್ಣವಾಗುವುದಿಲ್ಲ, ಭೇದಿ ಶುರುವಾಗುತ್ತದೆ. ಅನ್ನದ ಜೊತೆ ಬೇಯಿಸಿದ ಮೊಟ್ಟೆಯೋ ಕೋಳಿಯೋ ಮೀನೋ ಇರಲಿ. ಮಾಂಸ ಮಾಡದ ಮನೆಯಾದರೆ ಅಂಗಡಿಯ ನಾಯಿ ಆಹಾರವನ್ನು ಅನ್ನಕ್ಕೆ ಬೆರೆಸಿ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಬೇಡವೇ ಬೇಡ. ಬೇಯಿಸಿದ ಕೋಳಿ ಮೂಳೆ ಬೇಡ, ಸೀಳಿ ಕರುಳಿಗೆ ಚುಚ್ಚುತ್ತದೆ. ಜ್ವರ ಬಂತು ಅಂತ ಮನೆಯಲ್ಲಿರುವ ನಮ್ಮ ಮಾತ್ರೆಯನ್ನು ಅರ್ಧ ಮುರಿದು ಕೊಡುವುದಂತೂ ವಿಷ ಕೊಟ್ಟ ಹಾಗೆ.

ಈಗ ನಾನು ನಿಜವಾಗಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ನಾಯಿ ತಂದು ಮೂರು ವಾರಕ್ಕೆ ಫೋನ್ ಬರುತ್ತದೆ. "ಡಾಕ್ಟ್ರೇ, ನಾಯಿ ಬೊಗಳೋದೇ ಇಲ್ಲ. ದಂಡ." ಮೂರು ತಿಂಗಳಿಗೆ ಅದೇ ಮನೆಯಿಂದ ಇನ್ನೊಂದು ಫೋನ್. "ಡಾಕ್ಟ್ರೇ, ಬಂದವ್ರಿಗೆಲ್ಲ ಬೊಗಳುತ್ತೆ. ಏನಾದ್ರೂ ಔಷಧಿ ಇದೆಯಾ?" ನಗಬೇಡಿ, ಈ ಎರಡೂ ಫೋನ್ ಮಾಡಿದವರು ಇಲ್ಲೇ ಎದುರಿಗೆ ಕೂತಿದ್ದಾರೆ.

ನಾಯಿ ಅಂದರೆ ನಮಗೆ ಕೆಲಸ. ತೋಟ ಕಾಯಬೇಕು, ಮಂಗ ಓಡಿಸಬೇಕು, ರಾತ್ರಿ ಬೊಗಳಬೇಕು. ಇದು ಇವತ್ತಿನದ್ದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಕೇಳಿರುತ್ತೀರಿ, ಕ್ರಿ.ಶ. 949-50ರದ್ದು. ಯುದ್ಧದಲ್ಲಿ ಪರಾಕ್ರಮ ತೋರಿಸಿದ ಮಣಲೇರ ಎಂಬ ವೀರನಿಗೆ ದೊರೆ ಏನು ಬೇಕೋ ಕೇಳು ಅಂದ. ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ದೊಡ್ಡ ಕಾಡುಹಂದಿಯೊಂದರ ಮೇಲೆ ಬಿದ್ದು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಜಮೀನು ಬಿಟ್ಟರು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಕಾದುವ ಚಿತ್ರವಿದೆ. ಈಗ ಅದು ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ, ಹೋದಾಗ ನೋಡಿ. ಕನ್ನಡನಾಡಿನಲ್ಲಿ ನಾಯಿಗೆ ಎಂಥ ಗೌರವ ಇತ್ತು ಅಂತ ಹೇಳಲು ಎಲ್ಲರೂ ಈ ಕಲ್ಲನ್ನೇ ತೋರಿಸುತ್ತಾರೆ. ನಿಜ. ಆದರೆ ಆ ಗೌರವ ಸಿಕ್ಕಿದ್ದು ಹಂದಿ ಹಿಡಿದದ್ದಕ್ಕೆ, ಅಲ್ವಾ?

ನೀವು ತರುವ ನಾಯಿ ಕಾಳಿ ಅಲ್ಲ. ಅದಕ್ಕೆ ಹಂದಿ ಇರಲಿ, ಪೊರಕೆ ಕಂಡರೂ ಭಯ. ಕೈ ಎತ್ತಿದರೆ ಮುದುರಿಕೊಳ್ಳುತ್ತದೆ. ಮೊದಲ ವಾರಗಳಲ್ಲಿ ಸದ್ದಿಲ್ಲದೆ ಮಲಗಿದ ನಾಯಿಯನ್ನು ನೋಡಿ "ಪಾಪ, ಎಷ್ಟು ಸಾಧು" ಅನ್ನುತ್ತೀರಿ. ಅದು ಸಾಧುತನ ಅಲ್ಲ, ಹೆದರಿಕೆ. ಹೊಸ ಜಾಗದಲ್ಲಿ ಬೊಗಳುವ ಧೈರ್ಯ ಅದಕ್ಕಿಲ್ಲ. ಇದು ನನ್ನ ಮನೆ ಅಂತ ಅನ್ನಿಸಿದ ದಿನ ಬೊಗಳುತ್ತದೆ. ನಾಯಿಗಳ ಜೊತೆ ಕೆಲಸ ಮಾಡುವವರು ಅಂದಾಜಿಗೆ ಒಂದು ಲೆಕ್ಕ ಹೇಳುತ್ತಾರೆ: ಗಾಬರಿ ಇಳಿಯಲು ಮೂರು ದಿನ, ಮನೆಯ ರೀತಿ ತಿಳಿಯಲು ಮೂರು ವಾರ, ತನ್ನದು ಅನ್ನಿಸಲು ಮೂರು ತಿಂಗಳು. ಕೆಲವಕ್ಕೆ ವರ್ಷವೇ ಹಿಡಿಯುತ್ತದೆ. ಮೊದಲು ಜಾಗ ಕೊಡಿ. ಕೆಲಸ ಅದೇ ಹುಡುಕಿಕೊಳ್ಳುತ್ತದೆ. ಹುಡುಕಿಕೊಳ್ಳದಿದ್ದರೂ ಇರಲಿ ಬಿಡಿ, ಮನೆಯಲ್ಲಿ ಎಲ್ಲರೂ ದುಡಿಯುತ್ತಾರಾ?

ಮುಟ್ಟುವುದು ಹೇಗೆ? ನೀವು ಮುಟ್ಟಬೇಡಿ, ಅದು ಬಂದು ಮುಟ್ಟಲಿ. ಎದುರು ನಿಂತು ತಲೆಯ ಮೇಲೆ ಬಗ್ಗಬೇಡಿ. ಸ್ವಲ್ಪ ದೂರದಲ್ಲಿ, ಪಕ್ಕಕ್ಕೆ ತಿರುಗಿ, ನೆಲದ ಮೇಲೆ ಕೂತು ನಿಮ್ಮ ಪಾಡಿಗೆ ಏನಾದರೂ ಮಾಡಿ. ಕೆಂಪಿಯ ಮನೆಯಲ್ಲಿ ಹುಡುಗಿಯ ಅಪ್ಪ ಬಚ್ಚಲ ಒಲೆಯ ಮುಂದೆ ಕೂತು ಸಂಜೆ ಹೊತ್ತು ಅಡಿಕೆ ಹಾಳೆ ಸೀಳಿ ಒಲೆಗೆ ಹಾಕುತ್ತಿದ್ದರು. ನಾಯಿ ಕಡೆ ನೋಡಿದವರೂ ಅಲ್ಲ, ಮಾತಾಡಿಸಿದವರೂ ಅಲ್ಲ. ಕೆಂಪಿ ಮೊದಲು ಹೋಗಿದ್ದು ಅವರ ಹತ್ತಿರವೇ. ಅಷ್ಟೊಂದು ಮುದ್ದು ಮಾಡಿದ ಮಗಳಿಗೆ ಹೊಟ್ಟೆಕಿಚ್ಚು!

ಮಕ್ಕಳಿರುವ ಮನೆಯವರು ಇದನ್ನು ಗಮನವಿಟ್ಟು ಕೇಳಿ. ನಾಯಿ ಕಚ್ಚುವ ಮೊದಲು ಹೇಳುತ್ತದೆ. ನಿದ್ದೆ ಬಾರದಿದ್ದರೂ ಆಕಳಿಸುತ್ತದೆ. ತಿಂಡಿ ಇಲ್ಲದಿದ್ದರೂ ತುಟಿ ನೆಕ್ಕುತ್ತದೆ. ಮುಖ ಆಚೆ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತದೆ. ಮೈ ಬಿಗಿ ಹಿಡಿಯುತ್ತದೆ. ಇದ್ಯಾವುದೂ ನಮಗೆ ಅರ್ಥ ಆಗದಿದ್ದರೆ ಗುರ್ ಅನ್ನುತ್ತದೆ. ಆಗ ನಾವು ಬೆನ್ನಿಗೆ ಒಂದು ಬಿಗಿಯುತ್ತೇವೆ, "ಮನೆಯವ್ರಿಗೇ ಗುರ್ ಅಂತೀಯಾ?" ಅಂತ. ಏನಾಗುತ್ತದೆ? ಗುರ್ ಅನ್ನುವುದನ್ನು ಬಿಡುತ್ತದೆ. ಮುಂದಿನ ಸಲ ಹೇಳದೆ ಕೇಳದೆ ಕಚ್ಚುತ್ತದೆ. ಗುರ್ ಅಂದರೆ ಮಗುವನ್ನು ಮೆಲ್ಲಗೆ ಆಚೆ ಕರೆದುಕೊಳ್ಳಿ. ಊಟ ಮಾಡುವಾಗ, ನಿದ್ದೆಯಲ್ಲಿರುವಾಗ ಮಕ್ಕಳು ಹತ್ತಿರ ಹೋಗುವುದು ಬೇಡ. ಐದಾರು ವರ್ಷದ ಮಗುವನ್ನೂ ಹೊಸ ನಾಯಿಯನ್ನೂ ಒಂದೇ ಕೋಣೆಯಲ್ಲಿ ಬಿಟ್ಟು ದೊಡ್ಡವರು ಆಚೆ ಹೋಗುವುದಂತೂ ಬೇಡವೇ ಬೇಡ.

ಕಟ್ಟಿ ಹಾಕುವ ವಿಷಯ. ನಮ್ಮ ಹಳ್ಳಿಗಳಲ್ಲಿ ಹಗಲು ಸರಪಳಿ, ರಾತ್ರಿ ಬಿಡುಗಡೆ. ಎರಡೂ ತಲೆಕೆಳಗು. ಹಗಲಿಡೀ ಕಟ್ಟಿದ ನಾಯಿಗೆ ಹೆದರಿಕೆ ಬಂದರೆ ಓಡಲು ದಾರಿಯಿಲ್ಲ, ಅದಕ್ಕೇ ಮೈಮೇಲೆ ಬೀಳುತ್ತದೆ. ರಾತ್ರಿ ಬಿಟ್ಟರೆ ಚಿರತೆ. ಜಗಲಿಯಿಂದ ನಾಯಿ ಒಯ್ದ ಕತೆ ಇಲ್ಲದ ಊರು ಹೊಸನಗರ, ತೀರ್ಥಹಳ್ಳಿ ಕಡೆ ಇದೆಯಾ ಹೇಳಿ. ಜಗಲಿ ಕಂಬಕ್ಕೆ ಸರಪಳಿಯಲ್ಲಿ ಕಟ್ಟಿದ್ದರಂತೂ ಬಾಳೆಲೆ ಹಾಕಿ ಬಡಿಸಿದ ಹಾಗೆ. ರಾತ್ರಿ ನಾಯಿ ಬಾಗಿಲು ಹಾಕಿದ ಜಾಗದಲ್ಲಿರಲಿ. ಬಚ್ಚಲಮನೆಯೋ, ಜಾಲರಿ ಬಾಗಿಲಿರುವ ಕೊಟ್ಟಿಗೆಯೋ, ಯಾವುದಾದರೂ ಸರಿ. ಹಗಲು ಬೇಲಿಯೊಳಗೆ ಓಡಾಡಲಿ. ಬೇಲಿ ಇಲ್ಲದಿದ್ದರೆ ಮೊದಲ ತಿಂಗಳುಗಳಲ್ಲಿ ಉದ್ದ ಹಗ್ಗ ಹಿಡಿದು ನೀವೇ ಜೊತೆಗೆ ಹೋಗಿ. ತಪ್ಪಿಸಿಕೊಂಡು ಗುಡ್ಡ ಸೇರಿದರೆ ಹಂದಿಗೆ ಕಟ್ಟಿದ ಉರುಳು ಇರುತ್ತದೆ, ಹಂದಿಗೆ ಇಟ್ಟ ಸಿಡಿಮದ್ದು ಇರುತ್ತದೆ. ಸಿಡಿಮದ್ದು ಕಚ್ಚಿದ ನಾಯಿಯ ದವಡೆ ಹೊಲಿಯಲು ಕೂತವನಿಗೆ ಹೊಲಿಯಲು ಏನೂ ಉಳಿದಿರುವುದಿಲ್ಲ.

ಮಳೆಗಾಲದ ಒಂದು ಕಷ್ಟ ಎಲ್ಲರೂ ಕೇಳುತ್ತಾರೆ. ಮಳೆ ಹಿಡಿದರೆ ಆಚೆ ಹೋಗಲು ಒಪ್ಪುವುದಿಲ್ಲ, ಒಳಗೇ ಗಲೀಜು. ಬೀದಿಯಲ್ಲಿ ಬೆಳೆದದ್ದು ಮಳೆಗೆ ಅಂಗಡಿಯ ಶಟರ್ ಕೆಳಗೆ ಮುದುರಿಕೊಂಡೇ ದಿನ ಕಳೆದಿರುತ್ತದೆ, ಪಾಪ. ಅದಕ್ಕೊಂದು ಉಪಾಯ. ಸೂರಿನ ಪಕ್ಕ ನಾಲ್ಕು ಅಡಿಕೆ ದಬ್ಬೆ ನೆಟ್ಟು ಸೋಗೆ ಹೊದಿಸಿ. ಕೆಳಗೆ ಮಣ್ಣು, ದರಕು ಅಂದರೆ ಒಣಗಿದ ಎಲೆ ಹಾಕಿ. ಬೆಳಿಗ್ಗೆ ಎದ್ದ ಕೂಡಲೇ, ಊಟವಾದ ಮೇಲೆ, ಮಲಗುವ ಮುಂಚೆ ಅಲ್ಲಿಗೇ ಕರೆದುಕೊಂಡು ಹೋಗಿ ಸುಮ್ನೆ ನಿಲ್ಲಿ. ಮಾಡಿದ ಕೂಡಲೇ ಒಂದು ಚೂರು ತಿಂಡಿ. ಒಳಗೆ ಮಾಡಿದರೆ ಮೂತಿ ಅದಕ್ಕೆ ಉಜ್ಜುವ ಪದ್ಧತಿ ಬಿಡಿ. ಅದರಿಂದ ನಾಯಿ ಕಲಿಯುವುದು ಒಂದೇ, ನಿಮ್ಮ ಕಣ್ಣಿಗೆ ಬೀಳದ ಹಾಗೆ ಮಂಚದ ಹಿಂದೆ ಮಾಡುವುದು.

ಆರೋಗ್ಯದ ವಿಷಯ ಬೇಗ ಮುಗಿಸುತ್ತೇನೆ, ಇಲ್ಲದಿದ್ದರೆ ಇದು ಪಾಠ ಆಗುತ್ತದೆ. ತಂದ ವಾರದೊಳಗೆ ಹತ್ತಿರದ ಪಶು ಆಸ್ಪತ್ರೆಗೋ, ನಮ್ಮ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೋ ಕರೆದುಕೊಂಡು ಹೋಗಿ. ಹುಳದ ಔಷಧಿ, ರೇಬೀಸ್ ಲಸಿಕೆ, ಪಾರ್ವೊ ಮತ್ತು ಡಿಸ್ಟೆಂಪರ್ ಎಂಬ ನಾಯಿ ರೋಗಗಳ ಲಸಿಕೆ. ನಮ್ಮ ಕಡೆಯವರು ಇಲಿಜ್ವರದ ಲಸಿಕೆಯನ್ನೂ ಕೇಳಿ ಹಾಕಿಸಿ, ಗದ್ದೆ ನೀರಿನಲ್ಲಿ ಓಡಾಡುವ ನಾಯಿಗೆ ಅದು ಬರುತ್ತದೆ, ನಮಗೂ ದಾಟುತ್ತದೆ. ಆಪರೇಷನ್ ನಾಯಿ ಸ್ವಲ್ಪ ಹೊಂದಿಕೊಂಡ ಮೇಲೆ ಮಾಡಿಸಿ. ಆದರೆ ಮುಂದಿನ ಬೆದೆ ದಾಟಲು ಬಿಡಬೇಡಿ. ಹೊಸ ನಾಯಿ ಯಾರಿಗಾದರೂ ಕಚ್ಚಿದರೆ, ಹಲ್ಲು ತಾಗಿ ಗೀರಿದ್ದರೂ ಸರಿ, ಸೋಪು ಹಚ್ಚಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಕಾಫಿಪುಡಿ ಯಾವುದೂ ಬೇಡ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧಿ ಇಲ್ಲ.

ಉಣ್ಣೆಯ ಬಗ್ಗೆ ಮಾತ್ರ ಸ್ವಲ್ಪ ನಿಲ್ಲುತ್ತೇನೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಆಮೇಲೆ ಜನರೂ ಜ್ವರದಿಂದ ಸತ್ತರು. ಮಂಗನ ಕಾಯಿಲೆ ಲೋಕಕ್ಕೆ ಗೊತ್ತಾದದ್ದು ನಮ್ಮ ಜಿಲ್ಲೆಯಿಂದ. ಅದನ್ನು ಹರಡುವುದು ಉಣುಗು, ಅಂದರೆ ಕಾಡಿನ ಉಣ್ಣೆ. ನಾಯಿಯಿಂದ ಮಂಗನ ಕಾಯಿಲೆ ಬರುತ್ತದೆ ಅಂತ ಗಾಬರಿಯಾಗಬೇಡಿ. ಆದರೆ ಕಾಡಲ್ಲಿ ತಿರುಗಿದ ನಾಯಿ ಉಣುಗನ್ನು ಮೈಮೇಲೆ ಹೊತ್ತು ಮನೆಗೆ ತರಬಹುದು. ಡಿಸೆಂಬರ್‌ನಿಂದ ಮೇವರೆಗೆ ಕಾಡಿನ ಕಡೆ ಬಿಡಬೇಡಿ. ಮಂಗ ಸತ್ತಿದೆ ಅಂತ ಸುದ್ದಿ ಬಂದ ಕಡೆಗಂತೂ ಬೇಡ. ಇನ್ನು ಮನೆ ಸುತ್ತಮುತ್ತ ಇರುವ ನಾಯಿ ಉಣ್ಣೆ ಬೇರೆ. ಅದರಿಂದ ನಾಯಿಗೇ ಜ್ವರ ಬರುತ್ತದೆ. ಊಟ ಬಿಟ್ಟು ಮಂಕಾದರೆ, ಒಸಡು ಬಿಳುಚಿದರೆ, ಮೂಗಲ್ಲಿ ರಕ್ತ ಬಂದರೆ ತಡ ಮಾಡಬೇಡಿ. ಮೂಗಲ್ಲಿ ರಕ್ತ ಬರಲು ಮಳೆಗಾಲದಲ್ಲಿ ಇನ್ನೊಂದು ಕಾರಣವೂ ಇದೆ: ಇಂಬಳ, ಅಂದರೆ ಜಿಗಣೆ, ಮೂಗಿನ ಹೊಳ್ಳೆಯೊಳಗೆ ಹೊಕ್ಕಿರುತ್ತದೆ. ಪದೇ ಪದೇ ಸೀನುತ್ತದೆ, ಮುಂಗಾಲಲ್ಲಿ ಮೂಗು ಉಜ್ಜುತ್ತದೆ. ಬೆರಳ ಸಂದಿಯ ಇಂಬಳಕ್ಕೆ ಉಪ್ಪು ಸೋಕಿಸಿದರೆ ಬಿಡುತ್ತದೆ. ಮೂಗಿನದ್ದಕ್ಕೆ ನೀವು ಕೈ ಹಾಕಬೇಡಿ, ಕರೆತನ್ನಿ.

ದನ, ಕೋಳಿ ಇರುವ ಮನೆಯವರು ನಾಯಿಯನ್ನು ಹಗ್ಗದಲ್ಲಿ ಹಿಡಿದು ದೂರದಿಂದ ತೋರಿಸಿ, ಅದು ನೋಡಿ ಸುಮ್ಮನಾದರೆ ತಿಂಡಿ ಕೊಡಿ, ದಿನಕ್ಕಿಷ್ಟು ಹತ್ತಿರ ತನ್ನಿ. ಕೆಂಪಿಗೆ ಇದನ್ನು ಕಲಿಸಿದ್ದು ಕೊಟ್ಟಿಗೆಯ ಎಮ್ಮೆಯೇ, ಒಂದು ಸಲ ತಲೆ ತಗ್ಗಿಸಿದ್ದಕ್ಕೆ ಪಾಠ ಮುಗಿಯಿತು. ಅಡಿಕೆ ಸುಗ್ಗಿಯಲ್ಲಿ ಮನೆ ತುಂಬ ಸುಲಿಯುವವರು ಕೂತಾಗ ಹೊಸ ನಾಯಿಯನ್ನು ಅದರ ಮೂಲೆಯಲ್ಲಿ ಬಿಟ್ಟು ಬಾಗಿಲು ಮುಂದೆ ಮಾಡಿ. ದೀಪಾವಳಿಗೂ ಹಾಗೇ. ಪಟಾಕಿಗೆ ಹೆದರಿ ಹಗ್ಗ ಕಿತ್ತುಕೊಂಡು ಓಡಿದ ನಾಯಿಗಳನ್ನು ಹುಡುಕಿಕೊಡಿ ಅಂತ ಪ್ರತಿ ವರ್ಷ ಫೋನ್ ಬರುತ್ತದೆ. ಕತ್ತಲಾಗುವ ಮೊದಲೇ ಆಚೆ ತಿರುಗಾಡಿಸಿ ಒಳಗೆ ತಂದು, ರೇಡಿಯೋವನ್ನೋ ಟಿವಿಯನ್ನೋ ಹಾಕಿಡಿ. ಹೆದರಿ ಕಾಲ ಹತ್ತಿರ ಬಂದರೆ ತಬ್ಬಿಕೊಳ್ಳಿ. ಹಾಗೆ ಮಾಡಿದರೆ ಭಯ ಜಾಸ್ತಿಯಾಗುತ್ತದೆ ಅನ್ನುವುದು ಸುಳ್ಳು.

ಹಿಂದಿನ ಸಾಲಿನಿಂದ ಒಬ್ಬರು ಚೀಟಿ ಕಳಿಸಿದ್ದಾರೆ. ಮನೆಯಲ್ಲಿ ಹತ್ತು ವರ್ಷದ ಗಂಡುನಾಯಿ ಇದೆ, ಈಗ ಹೆಣ್ಣು ತರಬಹುದಾ ಅಂತ. ತರಬಹುದು. ನೇರ ಮನೆಯೊಳಗೆ ತರಬೇಡಿ. ಎರಡನ್ನೂ ಊರಾಚೆಯ ರಸ್ತೆಯಲ್ಲಿ ಇಬ್ಬರು ಹಿಡಿದುಕೊಂಡು, ನಡುವೆ ಜಾಗ ಬಿಟ್ಟು, ಒಂದೇ ದಿಕ್ಕಿಗೆ ನಡೆಸಿ. ಹಾಗೇ ನಡೆದುಕೊಂಡು ಒಟ್ಟಿಗೆ ಅಂಗಳಕ್ಕೆ ಬರಲಿ. ತಟ್ಟೆ ಬೇರೆ, ಮೂಲೆ ಬೇರೆ. ಅನ್ನ ಮೊದಲು ಹಳೆಯವನಿಗೆ. ಅವನು ಒಂದು ವಾರ ಮುಖ ಊದಿಸಿಕೊಂಡಿರುತ್ತಾನೆ, ಸಹಿಸಿಕೊಳ್ಳಿ. ಆಪರೇಷನ್ ಆಗುವವರೆಗೆ ಬೆದೆಯ ಸಮಯದಲ್ಲಿ ಇಬ್ಬರ ನಡುವೆ ಚಿಲಕ ಹಾಕಿದ ಬಾಗಿಲಿರಲಿ. ಹತ್ತು ವರ್ಷದವನಿಗೆ ಇನ್ನು ಆಸೆ ಎಲ್ಲಿ ಅಂತ ನಂಬಿ ಕೂರಬೇಡಿ.